ಪಿಎಫ್ ಖಾತೆ: ಉಳಿತಾಯ ಚೆನ್ನ, ಕೆಲಸ ಬಿಟ್ಟ ದಿನಾಂಕವೇ ತಲೆನೋವು

ಸಂಬಳ ಕೈಗೆ ಬರುವ ಮೊದಲೇ ಕಟಾವಾಗುವುದು ಪಿಎಫ್‌ನ (ನೌಕರರ ಭವಿಷ್ಯ ನಿಧಿ) ದೊಡ್ಡ ಗುಣ. ಖರ್ಚೆಲ್ಲ ಮುಗಿಸಿ ಉಳಿದದ್ದನ್ನು ಕಟ್ಟೋಣ ಎಂದುಕೊಂಡರೆ ತಿಂಗಳ ಕೊನೆಗೆ ಏನೂ ಉಳಿದಿರುವುದಿಲ್ಲ. 2023-24, 2024-25 ಎರಡೂ ಸಾಲಿಗೆ ಬಡ್ಡಿ ಶೇ 8.25. ಇಷ್ಟು ಭದ್ರವಾದ ಜಾಗದಲ್ಲಿ ಇಷ್ಟು ಬಡ್ಡಿ ಸಿಗುವುದು ಅಪರೂಪ.

ಕಂಪನಿಯವರು ಹಿಂದಿನ ತಿಂಗಳ ಹಣವನ್ನು 15ನೇ ತಾರೀಖಿನೊಳಗೆ ಕಟ್ಟಬೇಕು. ಹಾಗಾಗಿ 20ರ ಹೊತ್ತಿಗೆ ನೋಂದಾಯಿತ ಮೊಬೈಲ್‌ನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಡುವುದು ಒಳ್ಳೆಯ ರೂಢಿ. ಎರಡು ರಿಂಗ್ ಆಗಿ ತಾನೇ ಕಟ್ ಆಗುತ್ತದೆ, ಕೊನೆಯದಾಗಿ ಬಿದ್ದ ಹಣ ಮತ್ತು ಖಾತೆಯಲ್ಲಿರುವ ಮೊತ್ತದ ಮೆಸೇಜ್ ಬರುತ್ತದೆ. ಪಾಸ್‌ಬುಕ್ ತೆರೆದರೆ ಮೂರು ಕಾಲಂ ಲೆಕ್ಕ ಹಾಕಿ ನೋಡಿ. ಮೂಲ ವೇತನ, ತುಟ್ಟಿಭತ್ಯೆ ಸೇರಿ 30,000 ಇದ್ದು, ಅಷ್ಟಕ್ಕೂ ಪಿಎಫ್ ಕಟ್ಟುತ್ತಿದ್ದರೆ ನಿಮ್ಮ ಪಾಲು 3,600, ಕಂಪನಿಯದು 2,350, ಪಿಂಚಣಿಗೆ 1,250. (2014ರ ಸೆಪ್ಟೆಂಬರ್ 1ರ ನಂತರ 15,000ಕ್ಕಿಂತ ಹೆಚ್ಚು ವೇತನದಲ್ಲಿ ಮೊದಲ ಸಲ ಸೇರಿದವರಿಗೆ ಪಿಂಚಣಿ ಪಾಲಿಲ್ಲ. ಆ ಕಾಲಂನಲ್ಲಿ ಹಣ ಕಂಡರೆ ತಪ್ಪಾಗಿದೆ ಎಂದರ್ಥ, ಕೂಡಲೇ ಕೇಳಿ.)

ಇಷ್ಟೆಲ್ಲ ಸಲೀಸು. ಕೆಲಸ ಬದಲಿಸಿದ ಮೇಲೆ ಶುರುವಾಗುತ್ತದೆ ಫಜೀತಿ. ಹಳೆ ಕಂಪನಿ ನಿಮ್ಮ ನಿರ್ಗಮನ ದಿನಾಂಕ ತುಂಬದಿದ್ದರೆ, ದಾಖಲೆಯಲ್ಲಿ ನೀವಿನ್ನೂ ಅಲ್ಲೇ ಇದ್ದೀರಿ. ಪೂರ್ತಿ ಹಣ ತೆಗೆಯುವ ಫಾರಂ 19, ಪಿಂಚಣಿ ಪಾಲು ತೆಗೆಯುವ ಫಾರಂ 10ಸಿ ಎರಡೂ ಮುಂದಕ್ಕೆ ಹೋಗುವುದಿಲ್ಲ. ನೌಕರನ ತಪ್ಪು ಎಳ್ಳಷ್ಟೂ ಇಲ್ಲ, ಅಲೆದಾಟ ಮಾತ್ರ ಅವನದು. ಪಿಎಫ್‌ಗೆ ನಕ್ಷತ್ರ ಲೆಕ್ಕದಲ್ಲಿ ಅಂಕ ಕೊಡುವುದಾದರೆ ನಾನು ಒಂದನ್ನು ಕಳೆಯುವುದು ಇದಕ್ಕೇ.

ಪುಣ್ಯಕ್ಕೆ ಈಗ ಆ ದಿನಾಂಕವನ್ನು ನಾವೇ ತುಂಬಬಹುದು. ಕೊನೆಯ ವಂತಿಗೆ ಬಿದ್ದು ಎರಡು ತಿಂಗಳು ಕಳೆದಿರಬೇಕು. ಪಿಎಫ್ ಸದಸ್ಯರ ಪೋರ್ಟಲ್‌ನಲ್ಲಿ ‘ಮ್ಯಾನೇಜ್’ ಒಳಗೆ ‘ಮಾರ್ಕ್ ಎಕ್ಸಿಟ್’ ಒತ್ತಿ, ಹಳೆಯ ಪಿಎಫ್ ಸಂಖ್ಯೆ ಆರಿಸಿ, ದಿನಾಂಕ ಮತ್ತು ಕಾರಣ ತುಂಬಿ. ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ. ದಿನಾಂಕ ಕೊನೆಯ ವಂತಿಗೆಯ ತಿಂಗಳೊಳಗೇ ಇರಬೇಕು: ಮಾರ್ಚ್‌ವರೆಗೆ ಕಟ್ಟಿದ್ದರೆ ಏಪ್ರಿಲ್ 2 ಎಂದು ಹಾಕಲಾಗದು. ಒಮ್ಮೆ ಒತ್ತಿದರೆ ಅಲ್ಲಿ ತಿದ್ದಲು ಬರುವುದಿಲ್ಲ, ಆದ್ದರಿಂದ ರಿಲೀವಿಂಗ್ ಲೆಟರ್ ಎದುರಿಗಿಟ್ಟುಕೊಂಡೇ ಕೂರಿ.

ಹಳೆ ಕಂಪನಿಯ ಪಿಎಫ್ ಹೊಸ ಖಾತೆಗೆ ವರ್ಗಾವಣೆ ಆದ ಮೇಲೆ ಪಿಂಚಣಿ ಕಾಲಂನಲ್ಲಿ ಸೊನ್ನೆ ಕಂಡರೆ ಗಾಬರಿ ಬೇಡ. ಅಲ್ಲಿ ದಾಟುವುದು ದುಡ್ಡಲ್ಲ, ಸೇವೆಯ ವರ್ಷಗಳು. ಪಿಂಚಣಿಗೆ ಬೇಕಾದ 10 ವರ್ಷ ಸೇರುವುದು ಹೀಗೆಯೇ. ಹಳೆ ಸೇವೆ ಬಂದಿದೆಯೇ ಎಂದು ‘ಸರ್ವಿಸ್ ಹಿಸ್ಟರಿ’ಯಲ್ಲಿ ನೋಡಿ.