ಒಂದಡಿ ಗಾಜಿನ ಟ್ಯಾಂಕ್ ಸೆಟ್: ಫೈಟರ್ ಮೀನಿನ ಜೊತೆ 14 ತಿಂಗಳು

ಮೈಸೂರಿನ ನಮ್ಮ ಮನೆಯ ಓದುಮೇಜಿನ ಮೇಲೆ ಈ ಟ್ಯಾಂಕ್ ಕೂತು 14 ತಿಂಗಳಾಯಿತು. ಉದ್ದ, ಅಗಲ, ಎತ್ತರ ಮೂರೂ 30 ಸೆಂ.ಮೀ. ಲೆಕ್ಕಕ್ಕೆ 27 ಲೀಟರ್. ಮಣ್ಣು, ಮರದ ಕೊರಡು ಹಾಕಿದ ಮೇಲೆ ಹಿಡಿಯುವುದು 20ರ ಆಸುಪಾಸು. ಗಾಜಿನ ಮುಚ್ಚಳ, ಎಲ್‌ಇಡಿ ದೀಪ, ಅಂಚಿಗೆ ನೇತುಹಾಕುವ ಫಿಲ್ಟರ್ ಸೆಟ್ಟಿನಲ್ಲೇ ಬಂದವು. ಒಳಗಿರುವುದು ಒಂದೇ ಒಂದು ಗಂಡು ಫೈಟರ್.

ಮೊದಲು ದೂರು ಹೇಳಿಬಿಡುತ್ತೇನೆ. ಆ ಫಿಲ್ಟರ್ ಈ ಮೀನಿಗೆ ಆಗಿಬರುವುದಿಲ್ಲ. ನೀರಿನ ರಭಸಕ್ಕೆ ಉದ್ದ ರೆಕ್ಕೆ ಹೊತ್ತು ಈಜಲಾರದೆ ಅದು ಮೂಲೆ ಹಿಡಿದು ನಿಂತಿರುತ್ತಿತ್ತು. ನೋಡಲಾಗದೆ ಮೀನು ಬಿಟ್ಟ ಮೂರನೇ ದಿನವೇ ಬಿಚ್ಚಿ, ಏರ್ ಪಂಪಿನ ಸ್ಪಾಂಜ್ ಫಿಲ್ಟರ್ ಹಾಕಿದೆ. ಹಳೆಯ ಫಿಲ್ಟರಿನ ಸ್ಪಾಂಜನ್ನು ಮಾತ್ರ ಇನ್ನೂ ಒಂದು ತಿಂಗಳು ನೀರಿನಲ್ಲೇ ಬಿಟ್ಟಿದ್ದೆ, ಅದರಲ್ಲಿ ನೆಲೆನಿಂತ ಬ್ಯಾಕ್ಟೀರಿಯ ಕಳೆದುಹೋಗಬಾರದಲ್ಲ.

ಆ ಬ್ಯಾಕ್ಟೀರಿಯಕ್ಕಾಗಿಯೇ ಐದು ವಾರ ಖಾಲಿ ಟ್ಯಾಂಕ್ ಕಾದಿದ್ದೇನೆ. ಅಂಗಡಿಯಲ್ಲಿ 'ಇವತ್ತೇ ಮೀನು ಬಿಡಿ ಸಾರ್' ಅಂದಿದ್ದರು. ಆದರೆ ಆಕ್ವಾ ಸಾಯಿಲ್, ಅಂದರೆ ಟ್ಯಾಂಕಿನ ಗಿಡಗಳಿಗೆಂದೇ ಮಾಡಿದ ಕಾಳು ಮಣ್ಣು, ಮೊದಲ ವಾರಗಳಲ್ಲಿ ತಾನೇ ಅಮೋನಿಯಾ ಬಿಡುತ್ತದೆ. ಮೀನಿಗೆ ವಿಷವಾದ ಅದು ಬ್ಯಾಕ್ಟೀರಿಯದಿಂದ ನೈಟ್ರೈಟ್ ಆಗಿ, ಅಷ್ಟೇ ವಿಷದ ಆ ನೈಟ್ರೈಟ್ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಬೇಕು. ಟೆಸ್ಟ್ ಕಿಟ್ಟಿನಲ್ಲಿ ಮೊದಲಿನ ಎರಡೂ ಸೊನ್ನೆ ತೋರಿಸಿದ ಮೇಲಷ್ಟೇ ಮೀನು ತಂದೆ.

ಗಿಡಗಳ ವಿಷಯ. ಅನುಬಿಯಾಸ್ ನಾನಾ, ಜಾವಾ ಫರ್ನ್ ಎರಡಕ್ಕೂ ಶುಂಠಿಯಂಥ ಗುಪ್ತಕಾಂಡವಿದೆ, ಅದನ್ನು ಮಣ್ಣಲ್ಲಿ ಹೂತರೆ ಕೊಳೆಯುತ್ತದೆ. ಹೊಲಿಗೆ ದಾರದಿಂದ ಕೊರಡಿಗೆ ಕಟ್ಟಿದೆ. ಈಗ ದಾರ ಕಾಣುವುದೇ ಇಲ್ಲ, ಬೇರು ಕೊರಡನ್ನು ಅಪ್ಪಿಬಿಟ್ಟಿದೆ. ಕ್ರಿಪ್ಟೊಕೊರಿನ್ ನೆಟ್ಟ ಎರಡನೇ ವಾರ ಎಲೆಯೆಲ್ಲ ಕರಗಿ ಲೋಳೆಯಾಯಿತು. ಕಿತ್ತೆಸೆಯಲು ಕೈ ಹೋಗಿತ್ತು, ಸದ್ಯ ಬೇರು ಉಳಿಸಿದೆ. ತಿಂಗಳೊಳಗೆ ಕಂದು ಚಿಗುರು ಬಂತು, ಇವತ್ತು ಟ್ಯಾಂಕಿನ ಮುಂಭಾಗವೆಲ್ಲ ಅದರದೇ. ನೀರಿನ ಮೇಲ್ಮೈಗೆ ಎರಡು ಬೆರಳು ಕೆಳಗಿರುವ ಅನುಬಿಯಾಸ್ ಎಲೆ ಮೀನಿನ ಹಾಸಿಗೆ. ರಾತ್ರಿ ದೀಪ ಆರಿದ ಮೇಲೆ ಅದರ ಮೇಲೆ ಒರಗಿ ಮಲಗುವುದನ್ನು ನೋಡುವುದೇ ಒಂದು ಸಂತೋಷ.

ದೀಪ ಚೆನ್ನಾಗಿದೆ, ಬೆಳಕು ಕುಂದಿಲ್ಲ. ದಿನಕ್ಕೆ ಎಂಟು ಗಂಟೆ ಉರಿಸಿದಾಗ ಅನುಬಿಯಾಸ್ ಎಲೆಗಳ ಮೇಲೆ ಪಾಚಿ ಕಟ್ಟಿತು. ಟೈಮರ್ ಹಾಕಿ ಆರಕ್ಕೆ ಇಳಿಸಿದೆ, ನಿಂತಿತು.

ಮುಚ್ಚಳ ಬೇಕೇ ಬೇಕು, ಫೈಟರ್ ನೆಗೆಯುತ್ತದೆ. ಆದರೆ ನೀರನ್ನು ಅಂಚಿನವರೆಗೂ ತುಂಬಬೇಡಿ. ಕಿವಿರಿನ ಜೊತೆಗೆ ಲ್ಯಾಬಿರಿಂತ್ ಎಂಬ ಅಂಗವೂ ಇರುವುದರಿಂದ ಅದು ಮೇಲೆ ಬಂದು ಗಾಳಿ ಗುಟುಕರಿಸುತ್ತದೆ. ಈ ಗುಣವನ್ನೇ ನೆಪ ಮಾಡಿಕೊಂಡು ಅಂಗೈಯಗಲದ ಬಾಟಲಿಯಲ್ಲಿಟ್ಟು ಮಾರುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಥಾಯ್ಲೆಂಡಿನ ಗದ್ದೆ, ಜೌಗುಗಳ ಮೀನು ಅದು.

ಸೆಟ್ಟಿನಲ್ಲಿ ಹೀಟರ್ ಇಲ್ಲ. ಡಿಸೆಂಬರಿನ ರಾತ್ರಿಗಳಿಗೆಂದು ಬೇರೆ ಕೊಂಡು 26 ಡಿಗ್ರಿಗೆ ಇಟ್ಟಿದ್ದೇನೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುತ್ತೇನೆ, ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿಯೇ.

ಮಣ್ಣಿನ ಕಾಳು ಈಗೀಗ ಪುಡಿಯಾಗತೊಡಗಿದೆ, ಕ್ರಿಪ್ಟೊಕೊರಿನ್ ಬುಡಕ್ಕೆ ಗೊಬ್ಬರದ ಮಾತ್ರೆ ಹೂಳುತ್ತಿದ್ದೇನೆ. ಫಿಲ್ಟರ್ ಬಿಟ್ಟು ಅಷ್ಟು ಹಣ ಕಡಿಮೆ ಮಾಡಿ ಕೊಟ್ಟರೆ ಇದೇ ಸೆಟ್ಟನ್ನು ಇನ್ನೊಮ್ಮೆ ಕೊಳ್ಳುತ್ತೇನೆ.