ಹೋಮ್ ನರ್ಸ್ ಇಟ್ಟುಕೊಂಡವರೇ, ಒಮ್ಮೆ ಬೆನ್ನು ತಿರುಗಿಸಿ ನೋಡಿ

ದಾವಣಗೆರೆಯಲ್ಲಿ ಮನೆಯ ಹಿರಿಯರನ್ನು ನೋಡಿಕೊಳ್ಳೋಕೆ ಜನ ಹುಡುಕುತ್ತಿರುವವರು ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಏಜೆನ್ಸಿಯ ಹೆಸರು ಕೇಳಬೇಡಿ, ಹಾಕುವುದಿಲ್ಲ. ದೂರು ಕೊಟ್ಟಿದ್ದೇನೆ, ಅದು ನಡೀತಿದೆ. ಹೆಸರು ಹಾಕಿದರೂ ಉಪಯೋಗ ಅಷ್ಟಕ್ಕಷ್ಟೇ. ಆ ಬೋರ್ಡು ಇಳಿದರೆ ಅದೇ ಮೆಟ್ಟಿಲ ಮೇಲೆ ಇನ್ನೊಂದು ಬೋರ್ಡು ಏರುತ್ತದೆ.

ಫೆಬ್ರವರಿಯಲ್ಲಿ ಅವ್ವನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು, ಮಾತು ತೊದಲಿತು. ಮೊದಲೇ ಸಕ್ಕರೆ ಕಾಯಿಲೆ ಬೇರೆ. ನಾನು ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಹೆಂಡತಿ ಜಗಳೂರು ತಾಲ್ಲೂಕಿನ ಶಾಲೆಯಲ್ಲಿ ಟೀಚರ್, ಏಳೂವರೆ ಬಸ್ಸಿಗೆ ಹೋದರೆ ಸಂಜೆ ಆರಕ್ಕೆ ಮನೆ. ಅಕ್ಕನನ್ನು ರಾಣೆಬೆನ್ನೂರಿಗೆ ಕೊಟ್ಟಿದೆ. ನಿಟುವಳ್ಳಿಯ ಮನೆಯಲ್ಲಿ ಹಗಲು ಅವ್ವನ ಹತ್ತಿರ ಕೂರುವವರೇ ಇರಲಿಲ್ಲ. ಆಸ್ಪತ್ರೆಯ ಹೊರಗಿನ ಮೆಡಿಕಲ್ ಶಾಪಿನ ಗೋಡೆ ಮೇಲೆ ‘ಟ್ರೇನ್ಡ್ ಹೋಮ್ ನರ್ಸ್, 24 ಗಂಟೆ’ ಅಂತ ಚೀಟಿ ಅಂಟಿಸಿದ್ದರು. ಫೋನ್ ಮಾಡಿದ ಅರ್ಧ ಗಂಟೆಗೆ ಒಬ್ಬ ಫೈಲ್ ಹಿಡಿದು ಮನೆಗೇ ಬಂದ.

ದಿನಕ್ಕೆ 900 ರೂಪಾಯಿ, ಅಂದರೆ ತಿಂಗಳಿಗೆ 27,000. ರಿಜಿಸ್ಟ್ರೇಷನ್ ಅಂತ 5,000 ಬೇರೆ, ಪೂರಾ ತಿಂಗಳ ದುಡ್ಡು ಮುಂಗಡ. ನೂರು ರೂಪಾಯಿ ಛಾಪಾ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಕರಾರು. ನಾನು ಓದದೇ ಸಹಿ ಹಾಕಿದೆ. ಚೀಲದ ತೂಕ ಎರಡೆರಡು ಸಲ ನೋಡಿ ಬರೆಯುವ ಮನುಷ್ಯ! ಆಮೇಲೆ ಓದಿದರೆ ಅದರಲ್ಲಿತ್ತು: ರೋಗಿಗೆ ಏನಾದರೂ ಏಜೆನ್ಸಿ ಹೊಣೆಯಲ್ಲ, ಕಟ್ಟಿದ ಹಣ ವಾಪಸಿಲ್ಲ, ಅವರ ಹುಡುಗಿಯನ್ನು ನಾವೇ ನೇರವಾಗಿ ಕೆಲಸಕ್ಕಿಟ್ಟುಕೊಂಡರೆ 50,000 ದಂಡ. ಅಷ್ಟೂ ಪುಟದಲ್ಲಿ ಅವರು ಮಾಡಬೇಕಾದ ಕೆಲಸ ಇಂಥದ್ದು ಅಂತ ಒಂದು ಸಾಲೂ ಇರಲಿಲ್ಲ.

ಬಂದ ಹುಡುಗಿ ಹರಪನಹಳ್ಳಿ ಕಡೆಯವಳು, ಇಪ್ಪತ್ತೆರಡು ಇರಬಹುದು. ಒಳ್ಳೆಯ ಹುಡುಗಿ, ಈಗಲೂ ಹಾಗೇ ಹೇಳುತ್ತೇನೆ. ಸಂಜೆ ನಾವು ಬರುವಷ್ಟರಲ್ಲಿ ಅವ್ವನಿಗೆ ತಲೆ ಬಾಚಿ ಜಡೆ ಹಾಕಿ, ಮುಖಕ್ಕೆ ಪೌಡರ್ ಹಚ್ಚಿ, ಹಣೆಗೆ ವಿಭೂತಿ ಇಟ್ಟಿರುತ್ತಿದ್ದಳು. ಹಾಸಿಗೆ ಮೇಲೆ ಸುಕ್ಕಿಲ್ಲದ ಚಾದರ. ಹೆಂಡತಿ ಮೈ ಒರೆಸೋಕೆ ಹೋದರೆ, ‘ಎಲ್ಲಾ ಮಾಡೀನ್ರಿ ಅಕ್ಕಾರೆ, ನೀವು ದಣದು ಬಂದೀರಿ, ಕುಂದರ್ರಿ’ ಅಂತಿದ್ದಳು. ನಮಗೆ ಇದಕ್ಕಿಂತ ಇನ್ನೇನು ಬೇಕು? ಬಂದ ನೆಂಟರೆಲ್ಲ ‘ಮಗಳು ನೋಡ್ಕೊಂಡಂಗೆ ನೋಡ್ಕಂತಾಳೆ’ ಅಂದರು.

ಏಪ್ರಿಲ್‌ನಲ್ಲಿ ಅವ್ವ ‘ಉರಿ, ಉರಿ’ ಅನ್ನೋಕೆ ಶುರು ಮಾಡಿದಳು. ತೊದಲು ಮಾತಿನಲ್ಲಿ ಅದೊಂದು ಪದ ಮಾತ್ರ ಸ್ಪಷ್ಟವಾಗಿ ಬರುತ್ತಿತ್ತು. ನಮ್ಮೂರಿನ ಏಪ್ರಿಲ್ ಬಿಸಿಲು ಗೊತ್ತಲ್ಲ, ಸೆಕೆಗೆ ಅಂತಾಳೆ ಅಂದುಕೊಂಡೆವು. ಫ್ಯಾನ್ ಜೋರು ಮಾಡಿದೆವು. ಅದಕ್ಕೂ ನಿಲ್ಲಲಿಲ್ಲ ಅಂತ ಏಳು ಸಾವಿರ ಕೊಟ್ಟು ಕೂಲರ್ ತಂದು ಮಂಚದ ಪಕ್ಕ ಇಟ್ಟೆ.

ಅಕ್ಕ ಬಂದದ್ದು ಮೇ ಮೊದಲ ವಾರ, ಮಕ್ಕಳಿಗೆ ರಜೆ ಅಂತ. ‘ನಾನು ಬಂದಾಗಾದ್ರೂ ಅವ್ವಗೆ ನಾನೇ ಮೈ ತೊಳೀತೀನಿ’ ಅಂತ ಬಾಗಿಲು ಹಾಕಿಕೊಂಡಳು. ಎರಡು ನಿಮಿಷಕ್ಕೆ ಒಳಗಿಂದ ನನ್ನ ಹೆಸರು ಹಿಡಿದು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಸೊಂಟದ ಕೆಳಗೆ, ಬೆನ್ನುಮೂಳೆ ಮುಗಿಯುವ ಜಾಗದಲ್ಲಿ, ಅಂಗೈ ಅಗಲ ಹುಣ್ಣು. ಸುತ್ತ ಕಪ್ಪು, ನಡುವೆ ಹಳದಿ, ಮೇಲೆ ಗಟ್ಟಿ ಕಟ್ಟಿದ ಪೌಡರ್. ಎಡ ಹಿಮ್ಮಡಿಯಲ್ಲಿ ಇನ್ನೊಂದು.

ಮೂರು ತಿಂಗಳು ದಿನಾ ಅವ್ವನ ಮುಖ ನೋಡಿದ್ದೆ. ಬೆನ್ನು ನೋಡಿರಲಿಲ್ಲ. ಗಂಡುಮಗ ತಾಯಿಯ ಸೀರೆ ಸರಿಸಿ ನೋಡುವುದು ಹೇಗೆ ಅನ್ನುವ ಸಂಕೋಚ ಒಂದು ಕಡೆ, ದುಡ್ಡು ಕೊಟ್ಟು ಇಟ್ಟಿದ್ದೇವಲ್ಲ ಅನ್ನುವ ನೆಮ್ಮದಿ ಇನ್ನೊಂದು ಕಡೆ.

ಡಾಕ್ಟರ್ ಬೈಯಲಿಲ್ಲ, ಬಿಡಿಸಿ ಹೇಳಿದರು. ಒಂದೇ ಮಗ್ಗುಲಲ್ಲಿ ಮಲಗಿದರೆ ಮೂಳೆಗೂ ಹಾಸಿಗೆಗೂ ನಡುವೆ ಚರ್ಮ ಸಿಕ್ಕಿಕೊಳ್ಳುತ್ತದೆ, ಅಲ್ಲಿಗೆ ರಕ್ತ ಹರಿಯುವುದು ನಿಲ್ಲುತ್ತದೆ, ಮಾಂಸ ಒಳಗಿಂದ ಸಾಯುತ್ತದೆ. ಮೈ ಅಲ್ಲಾಡಿಸಲಾಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಒದ್ದೆ ಡೈಪರ್ ಇದ್ದರೆ ಚರ್ಮ ಇನ್ನೂ ಬೇಗ ಕೆಡುತ್ತದೆ, ಸಕ್ಕರೆ ಕಾಯಿಲೆಯವರಿಗೆ ಮಾಯುವುದೂ ನಿಧಾನ. ಶುರುವಿನಲ್ಲಿ ಬರೀ ಕೆಂಪು ಮಚ್ಚೆ ಇರುತ್ತದೆ. ಬೆರಳಲ್ಲಿ ಒತ್ತಿದರೆ ಆ ಕೆಂಪು ಬಿಳಿಚಿಕೊಳ್ಳಬೇಕು, ಬಿಳಿಚದೇ ಕೆಂಪಾಗೇ ಉಳಿದರೆ ಬೆಡ್‌ಸೋರ್ ಶುರುವಾಗಿದೆ ಅಂತ. ಕಪ್ಪು ಮೈಯವರಿಗೆ ಕೆಂಪು ಗೊತ್ತಾಗುವುದಿಲ್ಲ. ಆ ಜಾಗ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಬೇಕು. ಸೊಂಟದ ಕೆಳಗೆ, ಹಿಮ್ಮಡಿ, ತೊಡೆಯ ಪಕ್ಕದ ಮೂಳೆ, ಹೆಗಲ ಹಿಂದೆ, ತಲೆಯ ಹಿಂಭಾಗ, ಇಷ್ಟು ಕಡೆ ದಿನಾ ಕಣ್ಣಾಡಿಸಿ. ಏರ್‌ಬೆಡ್ ಹಾಕಿದ್ದೇವೆ ಅಂತ ಮಗ್ಗುಲು ಬದಲಿಸುವುದನ್ನು ಬಿಡುವ ಹಾಗಿಲ್ಲ. ಗಾಯದ ಮೇಲೆ ಪೌಡರ್ ಅಂತೂ ಹಾಕಲೇಬಾರದು.

ಹನ್ನೊಂದು ದಿನ ಆಸ್ಪತ್ರೆ. ಕೊಳೆತ ಮಾಂಸ ಕತ್ತರಿಸಿ ತೆಗೆದರು. ಆ ಖರ್ಚಿನ ಮಾತು ಬಿಡಿ.

ಹುಡುಗಿಯನ್ನು ಕೂರಿಸಿ ಕೇಳಿದೆ. ಸಿಟ್ಟಿನಿಂದಲೇ ಕೇಳಿದ್ದು. ಅವಳು ಅಳುತ್ತಾ ಹೇಳಿದ್ದು ಕೇಳಿ ಸಿಟ್ಟು ಬೇರೆ ಕಡೆ ತಿರುಗಿತು. ಮೊದಲು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಿದ್ದಳಂತೆ. ‘ಟ್ರೇನಿಂಗ್’ ಅಂದರೆ ಮೂರು ದಿನ ಮೊಬೈಲ್‌ನಲ್ಲಿ ವಿಡಿಯೊ ನೋಡಿದ್ದು. ನಮ್ಮ 27,000ದಲ್ಲಿ ಅವಳ ಕೈಗೆ ಸಿಗುತ್ತಿದ್ದದ್ದು 11,000. ‘ಹೊಳ್ಳಿಸಬೇಕು (ಮಗ್ಗುಲು ಬದಲಿಸಬೇಕು) ಅಂತ ಯಾರೂ ಹೇಳ್ಲಿಲ್ರಿ ಅಣ್ಣಾರೆ. ಹೊಳ್ಳಿಸಾಕ ಹೋದ್ರೆ ಅಜ್ಜಿ ನರಳ್ತಿದ್ರು, ನೋವಾಕ್ಕೈತಿ ಅಂತ ಬಿಟ್ಟೆ.’

ಇಲ್ಲಿ ಒಂದು ಲೆಕ್ಕ ನಿಮಗೂ ಹೇಳಬೇಕು, ನನಗೆ ತಡವಾಗಿ ಹೊಳೆದದ್ದು. ‘24 ಗಂಟೆ ಡ್ಯೂಟಿ’ ಅಂತ ಒಬ್ಬರನ್ನೇ ಇಟ್ಟರೆ ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸುವವರು ಯಾರು? ಹಗಲಿಡೀ ದುಡಿದವಳು ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಏಳುತ್ತಾಳಾ, ಅದೂ ತಿಂಗಳುಗಟ್ಟಲೆ? ಯಾರ ಕೈಲೂ ಆಗದ ಕೆಲಸ ಅದು. ಏಜೆನ್ಸಿಯವನಿಗೆ ಇದು ಗೊತ್ತಿದ್ದೇ ಮಾರುತ್ತಾನೆ, ನಾವು ಅಗ್ಗವಾಯಿತು ಅಂತ ಕೊಳ್ಳುತ್ತೇವೆ.

ಸುಳಿವು ಸಿಕ್ಕಿರಲಿಲ್ಲ ಅಂತ ಹೇಳಲಾರೆ. ಏಜೆನ್ಸಿ ಒಂದು ಚಾರ್ಟ್ ಕೊಟ್ಟಿತ್ತು: ಬಿಪಿ, ಊಟ, ಡೈಪರ್, ಮಗ್ಗುಲು, ಎಲ್ಲಕ್ಕೂ ಟಿಕ್. ಒಂದು ಶನಿವಾರ ಸಂಜೆ ನೋಡಿದರೆ ಭಾನುವಾರದ ಟಿಕ್ಕೂ ಬಿದ್ದಿತ್ತು. ನಕ್ಕು ಸುಮ್ಮನಾದೆ. ನಮ್ಮ ಅಂಗಡಿಯಲ್ಲಿ ಯಾರಾದರೂ ನಾಳೆಯ ಆವಕ ಇವತ್ತೇ ಬರೆದಿದ್ದರೆ ನಗುತ್ತಿದ್ದೆನಾ? ಹತ್ತು ದಿನಕ್ಕೆ ಮುಗಿಯಬೇಕಾದ ಡೈಪರ್ ಪ್ಯಾಕೆಟ್ ಇಪ್ಪತ್ತು ದಿನ ಬಂದಾಗ ‘ಹಿಡಿತ ಇರೋ ಹುಡುಗಿ’ ಅಂತ ಹೊಗಳಿದ್ದೆ. ಮಲಗಿಸಿಯೇ ಗಂಜಿ ಕುಡಿಸುತ್ತಿದ್ದಳು, ಅವ್ವ ಕೆಮ್ಮುತ್ತಿದ್ದಳು. ಲಕ್ವ ಹೊಡೆದವರಿಗೆ ನುಂಗುವ ಶಕ್ತಿ ಕಡಿಮೆಯಾಗಿರುತ್ತದೆ, ಗಂಜಿ ಶ್ವಾಸಕೋಶಕ್ಕೆ ಇಳಿಯಬಹುದು, ಎತ್ತಿ ಕೂರಿಸಿಯೇ ತಿನ್ನಿಸಿ ಅಂತ ಡಿಸ್‌ಚಾರ್ಜ್ ದಿನವೇ ಹೇಳಿದ್ದರು. ನಾನೂ ಮರೆತಿದ್ದೆ, ಅವಳಿಗೆ ಯಾರೂ ಹೇಳಿರಲಿಲ್ಲ.

ಏಜೆನ್ಸಿಯವನಿಗೆ ಫೋಟೊ ಕಳಿಸಿದೆ. ‘ವಯಸ್ಸಾದವರಿಗೆ ಹಂಗೆಲ್ಲಾ ಆಗ್ತಾವ ಸಾರ್, ಬ್ಯಾರೆ ಹುಡುಗಿ ಕಳಿಸ್ಲಾ?’ ಅಂದ. ಆಮೇಲೆ ಫೋನ್ ಎತ್ತಲಿಲ್ಲ. ಮಹಡಿ ಮೇಲಿನ ಆಫೀಸಿಗೆ ನಾಲ್ಕು ಸಲ ಹೋದೆ, ಮೂರು ಸಲ ಬೀಗ. ದುಡ್ಡೆಲ್ಲ ಹೋಗಿದ್ದು ಯಾರದೋ ಸ್ವಂತ ಹೆಸರಿನ ಫೋನ್‌ಪೇ ಖಾತೆಗೆ, ಒಂದಕ್ಕೂ ರಸೀದಿ ಇಲ್ಲ. ಪುಣ್ಯಕ್ಕೆ ಫೋನಿನಲ್ಲಿ ಪಾವತಿಯ ದಾಖಲೆ ಉಳಿದಿತ್ತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ, ನೋಟಿಸ್ ಕಳಿಸಿ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹಾಕಿದೆ. ನಾವು ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ, ಎರಡು ವರ್ಷದೊಳಗೆ ಹಾಕಬೇಕು. ಹಿರಿಯರ ಯಾವ ತೊಂದರೆಗಾದರೂ 14567 ಅಂತ ಬೇರೆ ಸಹಾಯವಾಣಿ ಇದೆ.

ನರ್ಸ್ ಅಂತ ಹೇಳಿ ಯಾರನ್ನಾದರೂ ಕಳಿಸಿದರೆ ರಿಜಿಸ್ಟ್ರೇಷನ್ ನಂಬರ್ ಕೇಳಿ. ಎಎನ್‌ಎಂ, ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದಿದವರು ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿರುತ್ತಾರೆ. ನಂಬರ್ ಇಲ್ಲದವರು ಆರೈಕೆಗೆ ಬರಬಾರದು ಅಂತಲ್ಲ, ಸ್ನಾನ, ಊಟ, ಬಟ್ಟೆಗೆ ನರ್ಸೇ ಬೇಕಿಲ್ಲ. ಆದರೆ ನರ್ಸಿನ ದುಡ್ಡು ಕೊಡಬೇಡಿ, ಅವರ ಕೈಲಿ ಇಂಜೆಕ್ಷನ್ ಮಾಡಿಸಬೇಡಿ, ಕೆಥೆಟರ್ (ಮೂತ್ರದ ನಳಿಕೆ) ಹಾಕಿಸಬೇಡಿ.

ಹುಣ್ಣು ಮಾಯಲು ನಾಲ್ಕು ತಿಂಗಳು ಹಿಡಿಯಿತು. ಈಗ ಹಗಲಿಗೆ ಪಕ್ಕದ ಓಣಿಯ ಒಬ್ಬ ಅಕ್ಕ ಬರುತ್ತಾರೆ. ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು, ಸಂಬಳ ಪೂರ್ತಿ ಅವರ ಕೈಗೇ. ರಾತ್ರಿ ಹನ್ನೆರಡರವರೆಗೆ ಹೆಂಡತಿ, ಆಮೇಲೆ ಅಲಾರಾಂ ಇಟ್ಟುಕೊಂಡು ನಾನು. ಸಂಕೋಚವೆಲ್ಲ ಎಂದೋ ಹೋಯಿತು. ಚಾರ್ಟ್ ಬದಲು ಒಂದು ನೋಟ್‌ಬುಕ್ ಇದೆ. ಮೊನ್ನೆ ತಿರುವಿ ಹಾಕಿದರೆ ಆ ಅಕ್ಕ ಸೊಟ್ಟ ಅಕ್ಷರದಲ್ಲಿ ಬರೆದಿದ್ದರು: ‘ಮದ್ಯಾನ 2ಕ್ಕೆ ಹೊಳ್ಳಿಸಿಲ್ಲ. ಕುಂತಲ್ಲೇ ನಿದ್ದಿ ಬಂತು. 3ಕ್ಕೆ ಹೊಳ್ಳಿಸೀನಿ, ಬೆನ್ನು ನೋಡೀನಿ, ಚಲೋ ಐತಿ.’