ತಿಂಗಳ ಫಾರಿನ್ ಟ್ರಿಪ್: ಬಿಡಿ ಟಿಕೆಟ್ಟಾ, ಮಲ್ಟಿ ಸಿಟಿನಾ, ಓಪನ್ ಜಾನಾ?

ಬಿಡಿ ಟಿಕೆಟ್ ಅಂದ್ರ ಒಂದೊಂದು ಫ್ಲೈಟಿಗೂ ಬೇರೆ ಬೇರೆ ಬುಕಿಂಗ್, ಮಲ್ಟಿ ಸಿಟಿ ಅಂದ್ರ ಎಲ್ಲಾ ಊರಿನ ಫ್ಲೈಟೂ ಒಂದೇ ಬುಕಿಂಗ್, ಓಪನ್ ಜಾ ಅಂದ್ರ ಒಂದು ಊರಾಗ ಇಳಿದು ಇನ್ನೊಂದು ಊರಿಂದ ವಾಪಸ್ ಹತ್ತೋದು. ಮೂರೂ ಮಾಡಿ ನೋಡೀನಿ, ನಾನು ಮತ್ತ ಮನೆಯವ್ರು ಇಬ್ರೇ, ಮೂರು ಟ್ರಿಪ್ಪೂ ಹೆಚ್ಚುಕಮ್ಮಿ ಒಂದೊಂದು ತಿಂಗಳದ್ದು.

ಮೊದಲ್ನೇ ಸಲ ಎಲ್ಲೆಲ್ಲಿ ಚೀಪ್ ಸಿಗ್ತೋ ಅಲ್ಲಲ್ಲಿ ಬಿಡಿ ಟಿಕೆಟ್. ರೇಟ್ ನೋಡಿ ಖುಷಿ ಆತು, ಆಮೇಲೆ ಬ್ಯಾಗಿಗೆ ಬೇರೆ ದುಡ್ಡು, ಊಟಕ್ಕೆ ಬೇರೆ, ಕೈಯಾಗ ಒಯ್ಯೋದು 7 ಕೆಜಿ ದಾಟಂಗಿಲ್ಲ. ತೂಕ ಬರಲ್ಲ ಅಂತ ಮಂಡಕ್ಕಿ ತುಂಬ್ಕೊಂಡು ಹೋದ್ವಿ, ತೂಕ ಪಾಸ್ ಆತು ಸೈಜ್ ಫೇಲ್ ಆತು. ಅಸಲಿ ಪೆಟ್ಟು ಬಿದ್ದಿದ್ದು ಬ್ಯಾಂಕಾಕಿಂದ ಬಾಲಿಗೆ ಹೋಗುವಾಗ ಕೌಲಾಲಂಪುರದಾಗ. ಬಂದ ಫ್ಲೈಟ್ ಲೇಟ್, ಇಳಿದಿದ್ದು ಟರ್ಮಿನಲ್ 1, ಮುಂದಿನ ಫ್ಲೈಟ್ 2ರಾಗ, ಟಿಕೆಟ್ ಬೇರೆ ಬೇರೆ ಅಲ್ವಾ ಅದಕ್ಕ ಇಮಿಗ್ರೇಷನ್ ದಾಟಿ, ಬ್ಯಾಗ್ ತಗೊಂಡು, ಟ್ರೈನ್ ಹತ್ತಿ ಆ ಕಡೆ ಮುಟ್ಟೋದ್ರಾಗ ಕೌಂಟರ್ ಕ್ಲೋಸ್. ಇಬ್ರು ಏರ್‌ಲೈನ್‌ನವ್ರೂ ನಮಗ ಸಂಬಂಧ ಇಲ್ಲ ಅಂದ್ರು. ಉಳಿಸಿದ್ದೆಲ್ಲಾ ಹೊಸ ಟಿಕೆಟ್ಟಿಗೆ ಹೋತು. ವೀಸಾ ಬೇಕಾದ ದೇಶ ಆಗಿದ್ರ ಬ್ಯಾಗ್ ತಗಳಾಕ ಹೊರಗೂ ಬಿಡ್ತಿರ್ಲಿಲ್ಲ.

ಎರಡ್ನೇದು ಒಂದೇ ಪಿಎನ್‌ಆರ್‌ನಾಗ ಮಲ್ಟಿ ಸಿಟಿ: ಸಿಂಗಾಪುರ, ಟೋಕಿಯೋ, ಕೊರಿಯಾದ ಸೋಲ್. ನಡುವೆ ಕನೆಕ್ಷನ್ ತಪ್ಪಿದ್ರ ಮುಂದಿನ ಫ್ಲೈಟಿಗೆ ಹಾಕೋದು ಏರ್‌ಲೈನ್‌ನವ್ರ ಜವಾಬ್ದಾರಿ, ಆ ನೆಮ್ಮದಿ ಐತಿ. ಆದ್ರ ಮನೆಯವ್ರಿಗೆ ಟೋಕಿಯೋ ಹಿಡಿಸ್ತು, ಸೋಲ್ ಬ್ಯಾಡ ಇಲ್ಲೇ ನಾಲ್ಕು ದಿನ ಇರಾಣ ಅಂದ್ರು. ಒಂದು ಲೆಗ್, ಅಂದ್ರ ನಡುವಿನ ಒಂದು ಫ್ಲೈಟ್, ಹತ್ತದಿದ್ರ ಮುಂದಿಂದೆಲ್ಲಾ ಕ್ಯಾನ್ಸಲ್, ಬದಲ್ಸಿದ್ರ ಫೀಸು ಪ್ಲಸ್ ರೇಟಿನ ವ್ಯತ್ಯಾಸ. ಸುಮ್ನೆ ಸೋಲ್‌ಗೆ ಹೋದ್ವಿ.

ನನಗ ಸೆಟ್ ಆಗಿದ್ದು ಓಪನ್ ಜಾ. ರೋಮ್‌ನಾಗ ಇಳಿಯೋದು, ಆಮ್‌ಸ್ಟರ್‌ಡಾಮಿಂದ ವಾಪಸ್ ಹತ್ತೋದು. ಬುಕ್ ಮಾಡುವಾಗ ಮಲ್ಟಿ ಸಿಟಿ ಆಪ್ಷನ್ ಒತ್ತಿ ಈ ಎರಡೇ ಲೆಗ್ ಹಾಕ್ರಿ, ಎರಡು ಒನ್‌ವೇ ತಗೊಂಡ್ರ ದೊಡ್ಡ ಏರ್‌ಲೈನ್‌ನಾಗ ಸಾಮಾನ್ಯವಾಗಿ ದುಬಾರಿ ಬೀಳ್ತತಿ. ನಡುವಿಂದೆಲ್ಲಾ ಟ್ರೈನು, ಯುರೋಪಿನ ಹಲವು ದೇಶಕ್ಕೆ ಸೇರಿ ಒಂದೇ ಶೆಂಗೆನ್ ವೀಸಾ, ಫ್ಲಾರೆನ್ಸ್‌ನಾಗ ಎರಡು ದಿನ ಜಾಸ್ತಿ ಇದ್ರೂ ಕೇಳೋರಿಲ್ಲ. ರೋಮಿಗೇ ವಾಪಸ್ ಬರೋ ಓಡಾಟಾನೂ ಉಳೀತು.

ಯಾವ್ದೇ ತಗೊಳ್ರಿ, ನಮ್ಮ ದಾವಣಗೆರೆಯವ್ರಿಗೆ ಮೊದಲ್ನೇ ಬಿಡಿ ಟಿಕೆಟ್ ಅಂದ್ರ ಏರ್‌ಪೋರ್ಟ್ ತನಕದ ರೋಡೇ. ಬೆಂಗಳೂರು ಒಳಗ ಹೋಗ್ಬ್ಯಾಡ್ರಿ, ದಾಬಸ್‌ಪೇಟೆ ಹತ್ರ ಎಡಕ್ಕೆ ಹೊಳ್ಳಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಬರ್ರಿ. ವಾಪಸ್ ಬರೋ ಫ್ಲೈಟ್ ಮಾತ್ರ ಬೆಳಗ್ಗೆ ಇಳಿಯೋದೇ ನೋಡ್ರಿ, ರಾತ್ರಿ ಇಳಿದು ಜೆಟ್‌ಲ್ಯಾಗ್‌ನಾಗ ಹಿರಿಯೂರು, ಚಿತ್ರದುರ್ಗ ದಾಟ್ಕೊಂಡು ಡ್ರೈವ್ ಮಾಡಿದ್ದು ನಾನು ಒಂದೇ ಸಲ.